ಕುಡುಕ ವಸ್ತಾದನ ಶಿಷ್ಯ: ಉತ್ತರಕುಮಾರನೇ ಅರ್ಜುನನಾಗುವ ಬಗೆ

(ಗಡಿನಾಡ ಕನ್ನಡಿಗರು ಮತ್ತು ಜನಪ್ರಿಯ ಸಿನಿಮಾ ಕುರಿತ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮೈಂದರ್ಗಿಯಿಂದ ಮಂಡಿಸಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಅಲ್ಲಲ್ಲಿ ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

ದನಿ ಸರಿಯಾಗಿ ಕೇಳಸ್ತದ ಅಂತ ತಿಳಕೊಂಡು ಶುರು ಮಾಡ್ತೀನಿ. ನಡುವ ನೆಟ್ ಹೋದ್ರ ಅಧ್ಯಕ್ಷರು ದಯಮಾಡಿ ತಿಳಸ್ರಿ.

ಇವತ್ತು ನಾನು ಮಾತಾಡಬೇಕೆಂದಿರುವುದು 1978ರ ಒಂದು ಕ್ಯಾಂಟನೀಸ್ ಚಿತ್ರದ ಬಗ್ಗೆ. ಹೆಸರು ‘ಡ್ರಂಕನ್ ಮಾಸ್ಟರ್’. ನಿರ್ದೇಶಕ ಯುಎನ್ ವೂ-ಪಿಂಗ್, ನಾಯಕ ಜಾಕಿ ಚಾನ್. ನಮ್ಮ ಸೊಲ್ಲಾಪುರ, ಅಕ್ಕಲಕೋಟ ಸೀಮೆಯ ತಾಲೀಮಿನ ಮಾತಿನಲ್ಲಿ ಹೇಳುವುದಾದರೆ ‘ಕುಡುಕ ವಸ್ತಾದ’. ಪೈಲ್ವಾನರಿಗೆ ಪಟ್ಟು ಕಲಿಸುವ ಗುರುವನ್ನು ನಮ್ಮ ಕಡೆ ವಸ್ತಾದ ಅಂತಾರೆ, ನಿಮಗೆಲ್ಲಾ ಗೊತ್ತಿದ್ದದ್ದೇ. ‘ಮಾಸ್ಟರ್’ ಎಂಬ ಶಬ್ದಕ್ಕೆ ಇದಕ್ಕಿಂತ ಹತ್ತಿರದ ಶಬ್ದ ನನಗೆ ಸಿಕ್ಕಿಲ್ಲ.

ಕನ್ನಡ ವಿಚಾರಗೋಷ್ಠಿಯಲ್ಲಿ ಹಾಂಗ್‌ಕಾಂಗ್ ಸಿನಿಮಾ ಯಾಕೆ ಎಂಬ ಪ್ರಶ್ನೆ ಸಹಜ. ಉತ್ತರ ಸರಳ ಅದ. ಈ ಚಿತ್ರದಲ್ಲಿ ನಗಿಸುವವನೂ ಬಡಿದಾಡುವವನೂ ಒಬ್ಬನೇ. ನಮ್ಮ ಕಾವ್ಯ, ಬಯಲಾಟ, ಸಿನಿಮಾ ಮೂರರಲ್ಲೂ ಸಾಮಾನ್ಯವಾಗಿ ಇವರು ಇಬ್ಬರು. ಈ ವ್ಯತ್ಯಾಸ ಎಲ್ಲಿಂದ ಬಂತು, ಅದರಿಂದ ನಾಯಕ ಎಂಬ ಕಲ್ಪನೆಯಲ್ಲಿ ಏನು ಬದಲಾಗುತ್ತದೆ ಎಂಬುದೇ ಈ ಪ್ರಬಂಧದ ವಿಷಯ. ನನ್ನ ವಾದವನ್ನು ಒಂದೇ ವಾಕ್ಯದಲ್ಲಿ ಮೊದಲೇ ಹೇಳಿಬಿಡ್ತೀನಿ: ಜನರ ಮುಂದೆ ನಗೆಗೀಡಾಗಲು ಒಪ್ಪುವ ನಾಯಕ ಮಾತ್ರ ತೆರೆಯ ಮೇಲೆ ಕಲಿಯಬಲ್ಲ. ಒಪ್ಪದವನು ಮೊದಲೇ ಎಲ್ಲವನ್ನೂ ಕಲಿತು ಬಂದಿರಬೇಕಾಗುತ್ತದೆ.

1. ಕಥೆ ಇಷ್ಟು

ಚಿತ್ರದ ನಾಯಕ ವಾಂಗ್ ಫೆ-ಹುಂಗ್. ಇದು ಕಲ್ಪಿತ ಹೆಸರಲ್ಲ. 19ನೇ ಶತಮಾನದಲ್ಲಿ ದಕ್ಷಿಣ ಚೀನಾದ ಫೋಶಾನ್‌ನಲ್ಲಿ ಹುಟ್ಟಿದ ಈತ ವೈದ್ಯನೂ ಹೌದು, ಹುಂಗ್ ಗಾರ್ ಎಂಬ ಕಾಳಗ ಪದ್ಧತಿಯ ದೊಡ್ಡ ಗುರುವೂ ಹೌದು. 1949ರಿಂದ ಕ್ವಾನ್ ತಾಕ್-ಹಿಂಗ್ ಎಂಬ ನಟ ಈತನ ಪಾತ್ರವನ್ನು ಎಪ್ಪತ್ತಕ್ಕೂ ಹೆಚ್ಚು ಕ್ಯಾಂಟನೀಸ್ ಚಿತ್ರಗಳಲ್ಲಿ ಮಾಡಿದ. ಆ ಚಿತ್ರಗಳಲ್ಲಿ ವಾಂಗ್ ಒಬ್ಬ ಗಂಭೀರ, ನೀತಿವಂತ, ಹಿರಿಯ ಗುರು. ಹಾಂಗ್‌ಕಾಂಗಿನ ಮಂದಿ ಹುಟ್ಟುತ್ತಲೇ ಬಲ್ಲ ಪೂಜ್ಯ ವ್ಯಕ್ತಿ.

1978ರ ಚಿತ್ರ ಈ ಪೂಜ್ಯ ವ್ಯಕ್ತಿಯ ಹುಡುಗತನಕ್ಕೆ ಹೋಗುತ್ತದೆ. ಅಲ್ಲಿ ಅವನು ಸೋಮಾರಿ, ತುಂಟ, ಬಡಾಯಿಗಾರ. ತಂದೆಯ ಶಾಲೆಯ ಉಪಗುರುವಿಗೆ ಅಪಮಾನ ಮಾಡ್ತಾನೆ. ಬೀದಿಯಲ್ಲಿ ಒಬ್ಬ ಹುಡುಗಿಯನ್ನು ಕಾಡಿಸಲು ಹೋಗಿ ಅವಳ ತಾಯಿಯಿಂದ ಚೆನ್ನಾಗಿ ಬಡಿಸಿಕೊಳ್ಳುತ್ತಾನೆ. ಆಮೇಲೆ ಗೊತ್ತಾಗ್ತದ, ಆಕಿ ಇವನ ಸ್ವಂತ ಅತ್ತಿ, ಹುಡುಗಿ ಸೋದರ ಸಂಬಂಧಿ! ಹೋಟೆಲಿನಲ್ಲಿ ಹೊಟ್ಟೆ ತುಂಬ ತಿಂದು ದುಡ್ಡಿಲ್ಲದೆ ಸಿಕ್ಕಿಬೀಳುತ್ತಾನೆ. ತಂದೆ ಬೇಸತ್ತು ಇವನನ್ನು ಭಿಕ್ಷುಕ ಸೋ ಎಂಬ ಮುದುಕನ ಕೈಗೆ ಒಪ್ಪಿಸುತ್ತಾನೆ. ಕೆಂಪು ಮೂಗಿನ, ಹರಕು ಬಟ್ಟೆಯ, ಸದಾ ಸೋರೆಬುರುಡೆಯಲ್ಲಿ ಹೆಂಡ ಹಿಡಿದಿರುವ ಈ ಮುದುಕನೇ ವಸ್ತಾದ. ಕ್ಯಾಂಟನ್ ಸೀಮೆಯ ಐತಿಹ್ಯಗಳಲ್ಲಿ ‘ಹತ್ತು ಹುಲಿಗಳು’ ಎಂದು ಹೆಸರಾದ ಕಾಳಗ ವೀರರಲ್ಲಿ ಅವನೊಬ್ಬ. ಪಾತ್ರ ಮಾಡಿದವರು ನಿರ್ದೇಶಕರ ಸ್ವಂತ ತಂದೆ ಯುಎನ್ ಸಿಯು-ಟಿಯೆನ್, ಆಗಲೇ ಅರವತ್ತು ದಾಟಿದ ಹಳೇ ರಂಗಕಲಾವಿದರು.

ಮುದುಕನ ತರಬೇತಿ ಕಠಿಣ. ಹುಡುಗನನ್ನು ತಲೆಕೆಳಗಾಗಿ ಕಟ್ಟಿ, ಕೆಳಗಿನ ಪಾತ್ರೆಯ ನೀರನ್ನು ಸಣ್ಣ ಬಟ್ಟಲಲ್ಲಿ ತುಂಬಿ ಮೇಲಿನ ಪಾತ್ರೆಗೆ ಹಾಕಿಸುತ್ತಾನೆ. ಬೆರಳಲ್ಲಿ ಗಟ್ಟಿ ಕಾಯಿ ಒಡೆಸುತ್ತಾನೆ. ಹುಡುಗ ತಪ್ಪಿಸಿಕೊಂಡು ಓಡುತ್ತಾನೆ. ದಾರಿಯಲ್ಲಿ ಯಿಮ್ ಎಂಬ ಬಾಡಿಗೆ ಕೊಲೆಗಾರ ಎದುರಾಗುತ್ತಾನೆ. ಈ ಪಾತ್ರ ಮಾಡಿದವನು ಕಾಲ್ಹೊಡೆತಕ್ಕೆ ಪ್ರಸಿದ್ಧನಾದ ಕೊರಿಯಾ ಮೂಲದ ಹ್ವಾಂಗ್ ಜಾಂಗ್-ಲೀ. ಯಿಮ್ ಈ ಹುಡುಗನನ್ನು ಕೊಲ್ಲುವುದಿಲ್ಲ, ನಾಚಿಕೆಯಾಗುವ ಹಾಗೆ ಬಡಿದು ಅಣಕಿಸಿ ಕಳಿಸುತ್ತಾನೆ. ಮಾನ ಕಳಕೊಂಡ ಹುಡುಗ ತಾನಾಗಿಯೇ ವಸ್ತಾದನ ಹತ್ತಿರ ಮರಳುತ್ತಾನೆ. ಮುಂದೆ ಇದೇ ಯಿಮ್ ಇವನ ತಂದೆಯನ್ನು ಕೊಲ್ಲಲು ಹಣ ಪಡೆದು ಬಂದಾಗ ಕೊನೆಯ ಕಾಳಗ.

2. ಒಂದೇ ವರ್ಷದ ಮೂರು ಚಿತ್ರ

1978 ನಮ್ಮ ಕನ್ನಡಕ್ಕೂ ಮಹತ್ವದ ವರ್ಷ. ಅದೇ ವರ್ಷ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಬಂತು. ಜಪಾನಿನ ಅಕಿರಾ ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಪ್ರೇರಣೆಯಿಂದ, ಹೊಯ್ಸಳರ ಕಾಲದ ಹಿನ್ನೆಲೆಯಲ್ಲಿ ಕಟ್ಟಿದ ಕಾಳಗದ ಕಥೆ ಅದು. ಪರಸ್ಪರ ಹಗೆ ಸಾಧಿಸುವ ಇಬ್ಬರು ಸಹೋದರರ ಕಡೆ ಇಬ್ಬರು ವೀರರು. ಗಂಡುಗಲಿಯಾಗಿ ಶಂಕರ್ ನಾಗ್, ಹಿರಿಯ ಪೆರ್ಮಾಡಿಯಾಗಿ ಸುಂದರಕೃಷ್ಣ ಅರಸ್. ಈ ಪಾತ್ರಕ್ಕೆ ಶಂಕರ್ ನಾಗ್ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಉತ್ತಮ ನಟ ಪ್ರಶಸ್ತಿ ಪಡೆದರು. ಮುಂದೆ ಅಭಿಮಾನಿಗಳ ಬಾಯಲ್ಲಿ ಅವರು ‘ಕರಾಟೆ ಕಿಂಗ್’ ಆದರು.

ಅದೇ ವರ್ಷ ‘ಸಿಂಗಪೂರಿನಲ್ಲಿ ರಾಜಾಕುಳ್ಳ’ ಕೂಡ ಬಂತು. ಸಿ.ವಿ. ರಾಜೇಂದ್ರನ್ ನಿರ್ದೇಶನ, ವಿಷ್ಣುವರ್ಧನ್ ಮತ್ತು ದ್ವಾರಕೀಶ್ ಜೋಡಿ. ಹೊರದೇಶದಲ್ಲಿ ಚಿತ್ರೀಕರಣವಾದ ಮೊದಲ ಕನ್ನಡ ಚಿತ್ರ ಎಂದು ಇದನ್ನು ನೆನೆಯುತ್ತಾರೆ.

ಈ ಮೂರನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡ್ರಿ. ಕಾರ್ನಾಡರ ಚಿತ್ರದಲ್ಲೂ ಒಬ್ಬ ಕಿರಿಯ, ಒಬ್ಬ ಹಿರಿಯ. ಹಾಂಗ್‌ಕಾಂಗ್ ಚಿತ್ರದಲ್ಲೂ ಹಾಗೆಯೇ. ಆದರೆ ಗಂಡುಗಲಿ ಕಥೆಯೊಳಗೆ ಕಾಲಿಡುವಾಗಲೇ ಕಲಿತವನು. ಅವನ ಕೈ ಪಳಗಿದೆ. ಚಿತ್ರ ಪರೀಕ್ಷಿಸುವುದು ಅವನ ನಿಷ್ಠೆಯನ್ನು. ಕಾಳಗ ಅಲ್ಲಿ ಮಾನ, ಮರಣಗಳ ಪ್ರಶ್ನೆ. ರಾಜಾಕುಳ್ಳದಲ್ಲಿ ನಗುವೂ ಅದ, ಹೊಡೆದಾಟವೂ ಅದ. ಆದರೆ ಎರಡು ದೇಹಗಳಿಗೆ ಹಂಚಿಕೆಯಾಗ್ಯಾವ. ರಾಜನ ಎತ್ತರ ಹೊಡೆತಕ್ಕೆ, ಕುಳ್ಳನ ಗಿಡ್ಡ ನಗುವಿಗೆ. ಕುಳ್ಳ ಕೈ ಎತ್ತಿದರೂ ನಾವು ನಗುತ್ತೇವೆ. ರಾಜ ಬಿದ್ದರೆ ನಗುವುದಿಲ್ಲ, ಆತಂಕಪಡುತ್ತೇವೆ.

ಜಾಕಿ ಚಾನ್ ಬಿದ್ದರೆ ನಗುತ್ತೇವೆ, ಆತಂಕವನ್ನೂ ಪಡುತ್ತೇವೆ, ಎರಡೂ ಒಂದೇ ಗಳಿಗೆಯಲ್ಲಿ. ಇದು ಹೇಗೆ ಸಾಧ್ಯವಾಯಿತು?

3. ಸಾರಥಿ ಮತ್ತು ಬಿಳಿ ಮೂಗಿನ ವಿದೂಷಕ

ಉತ್ತರ ಸಿಗುವುದು ಸಿನಿಮಾದಲ್ಲಲ್ಲ, ಅದಕ್ಕಿಂತ ಹಳೆಯ ರಂಗಭೂಮಿಯಲ್ಲಿ.

ಜಾಕಿ ಚಾನ್ ಹುಟ್ಟಿದ್ದು 1954ರಲ್ಲಿ. ಬಾಲ್ಯದಲ್ಲೇ ಹಾಂಗ್‌ಕಾಂಗಿನ ಒಂದು ಪೀಕಿಂಗ್ ಓಪೆರಾ ಶಾಲೆಗೆ ಸೇರಿ ಸುಮಾರು ಹತ್ತು ವರ್ಷ ಅಲ್ಲೇ ಬೆಳೆದ. ಗುರು ಯು ಜಿಮ್-ಯುಎನ್. ಸಾಮೋ ಹುಂಗ್, ಯುಎನ್ ಬಿಯಾವ್ ಮುಂತಾದವರು ಸಹಪಾಠಿಗಳು. ಹಾಡು, ಅಭಿನಯ, ಲಾಗ, ಕತ್ತಿ, ಕೋಲು ಎಲ್ಲವನ್ನೂ ಒಂದೇ ದೇಹಕ್ಕೆ ಕಲಿಸುವ, ಬಹಳ ಕಠೋರವಾದ ಶಿಕ್ಷಣ ಅದು.

ಪೀಕಿಂಗ್ ಓಪೆರಾದಲ್ಲಿ ಪಾತ್ರಗಳಿಗೆ ನಾಲ್ಕು ಮುಖ್ಯ ಜಾತಿಗಳಿವೆ: ಷೆಂಗ್ ಅಂದರೆ ಪುರುಷ ಪಾತ್ರ, ದಾನ್ ಅಂದರೆ ಸ್ತ್ರೀ ಪಾತ್ರ, ಜಿಂಗ್ ಅಂದರೆ ಮುಖಕ್ಕೆ ಢಾಳಾದ ಬಣ್ಣ ಬಳಿದ ಪಾತ್ರ, ಚೋ ಅಂದರೆ ವಿದೂಷಕ. ಈ ಚೋನ ಗುರುತು ಮೂಗಿನ ಸುತ್ತಲಿನ ಬಿಳಿ ಬಣ್ಣದ ತೇಪೆ. ಚೋದಲ್ಲಿ ಮತ್ತೆ ಎರಡು ಬಗೆ. ಒಬ್ಬ ಮಾತಿನ ವಿದೂಷಕ. ಇನ್ನೊಬ್ಬ ವೂ-ಚೋ, ಎಂದರೆ ಕಾಳಗದ ವಿದೂಷಕ. ಅವನು ಲಾಗ ಹಾಕುತ್ತಾನೆ, ಕತ್ತಿ ಬೀಸುತ್ತಾನೆ, ಅದೇ ಹೊತ್ತಿಗೆ ನಗಿಸುತ್ತಾನೆ. ‘ಸಾನ್ ಚಾ ಕೋ’ ಎಂಬ ಪ್ರಸಿದ್ಧ ಆಟದಲ್ಲಿ ಒಂದು ವಸತಿಗೃಹದ ಕತ್ತಲೆ ಕೋಣೆಯಲ್ಲಿ ಇಬ್ಬರು ಒಬ್ಬರಿಗೊಬ್ಬರು ಕಾಣದೆ ಬಡಿದಾಡುತ್ತಾರೆ. ರಂಗದ ಮೇಲೆ ಮಾತ್ರ ಪೂರ್ತಿ ಬೆಳಕಿರುತ್ತದೆ. ನಮಗೆ ಇಬ್ಬರೂ ಕಾಣುತ್ತಾರೆ, ಅವರಿಗೆ ಪರಸ್ಪರ ಕಾಣುವುದಿಲ್ಲ. ಕತ್ತಿ ಕೂದಲೆಳೆಯಲ್ಲಿ ತಪ್ಪುತ್ತದೆ, ನಾವು ನಗುತ್ತೇವೆ. ಆ ವಸತಿಗೃಹದ ಯಜಮಾನನ ಪಾತ್ರ ವೂ-ಚೋ ಜಾತಿಯದು.

ಅಂದಮ್ಯಾಗ ಕಾಳಗ ಮತ್ತು ನಗು ಕೂಡಿದ ಪಾತ್ರಕ್ಕೆ ಆ ರಂಗಭೂಮಿಯಲ್ಲಿ ಮೊದಲೇ ಒಂದು ಹೆಸರಿತ್ತು, ಅದಕ್ಕೆ ಪಾಠಕ್ರಮ ಇತ್ತು. ಭಿಕ್ಷುಕ ಸೋನ ಕೆಂಪು ಮೂಗನ್ನು ನೋಡಿದಾಗ ನನಗೆ ಆ ಬಿಳಿ ಮೂಗು ನೆನಪಾಗುತ್ತದೆ.

ಈಗ ನಮ್ಮ ದೊಡ್ಡಾಟಕ್ಕೆ ಬರೋಣ. ಕಿರೀಟ, ಭುಜಕೀರ್ತಿ ತೊಟ್ಟ ರಾಜ ರಂಗಕ್ಕೆ ಬಂದಾಗ ಅವನನ್ನು ಮಾತಾಡಿಸುವವನು ಸಾರಥಿ. ‘ನೀವ್ಯಾರು, ಎಲ್ಲಿಂದ ಬಂದ್ರಿ’ ಎಂದು ಕೇಳುವವನು ಅವನೇ. ರಾಜನ ಮಾತು ಗ್ರಾಂಥಿಕ, ಸಮಾಸಗಳಿಂದ ತುಂಬಿದ್ದು. ಸಾರಥಿಯ ಮಾತು ನಮ್ಮ ಓಣಿಯದು. ನಗು ಪೂರ್ತಿ ಅವನ ಪಾಲಿಗೆ. ಆದರೆ ಯುದ್ಧದ ಕುಣಿತ ಶುರುವಾದಾಗ ನೆಲ ನಡುಗುವಂತೆ ಹೆಜ್ಜೆ ಹಾಕುವವರು ವೀರರು. ಸಾರಥಿ ಪಕ್ಕಕ್ಕೆ ಸರಿಯುತ್ತಾನೆ. ಅವನು ಯುದ್ಧವನ್ನು ನೋಡುವವನು, ಅದರ ಬಗ್ಗೆ ಮಾತಾಡುವವನು. ಮಾಡುವವನಲ್ಲ.

ಈ ವಿಂಗಡಣೆ ದೊಡ್ಡಾಟದಲ್ಲಿ ಹುಟ್ಟಿದ್ದೂ ಅಲ್ಲ. ಮುಧೋಳ ಸೀಮೆಯ ರನ್ನ ಹತ್ತನೆಯ ಶತಮಾನದಲ್ಲಿ ‘ಗದಾಯುದ್ಧ’ ಬರೆದಾಗ ಭೀಮ, ದ್ರೌಪದಿಯರ ಜೊತೆ ಒಬ್ಬ ವಿದೂಷಕನನ್ನೂ ತಂದ. ಗದೆ ಭೀಮನದು, ವಿನೋದ ವಿದೂಷಕನದು. ಇನ್ನೂ ಹತ್ತಿರದ ಊರಿನ ಮಾತು: ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ತರಬೇತಿ, ಆಹಾರ, ಕಾಳಗಗಳನ್ನು ವಿವರಿಸುವ ಭಾಗದ ಹೆಸರೇ ‘ಮಲ್ಲವಿನೋದ’. ಆದರೆ ಆ ವಿನೋದ ಯಾರದು? ನೋಡುತ್ತ ಕೂತ ದೊರೆಯದು. ಮಣ್ಣಿಗೆ ಬಿದ್ದ ಮಲ್ಲನದಲ್ಲ.

4. ಒಂದೇ ರಥದಲ್ಲಿ ಎರಡು ನಗು

ಹಾಗಂತ ನಮ್ಮ ಪರಂಪರೆಯಲ್ಲಿ ಯುದ್ಧ ಮತ್ತು ನಗು ಎಂದೂ ಹತ್ತಿರ ಬಂದಿಲ್ಲ ಎನ್ನುವಂತಿಲ್ಲ. ಒಂದು ಕಡೆ ಬಂದಾವ, ಅದೂ ಬಹಳ ಜೋರಾಗಿ: ವಿರಾಟಪರ್ವದ ಉತ್ತರಗೋಗ್ರಹಣ. ಗದುಗಿನ ಕುಮಾರವ್ಯಾಸನ ಭಾರತದಲ್ಲಿ ಮಂದಿ ಬಿದ್ದುಬಿದ್ದು ನಗುವ ಭಾಗ ಇದು.

ಕಥೆ ನಿಮಗೆಲ್ಲ ಗೊತ್ತು. ಕೌರವರು ವಿರಾಟನ ದನಗಳನ್ನು ಹಿಡಿದಾಗ ರಾಜಕುಮಾರ ಉತ್ತರ ಅಂತಃಪುರದ ಹೆಣ್ಣುಮಕ್ಕಳ ಮುಂದೆ ಪ್ರತಾಪ ಕೊಚ್ಚಿಕೊಳ್ಳುತ್ತಾನೆ. ‘ಉತ್ತರನ ಪೌರುಷ ಒಲೆ ಮುಂದೆ’ ಎಂಬ ಗಾದೆ ಅಲ್ಲಿಂದಲೇ ಬಂದದ್ದು. ಸಾರಥಿ ಇಲ್ಲ ಅಂದಾಗ ನಾಟ್ಯ ಕಲಿಸುವ ಬೃಹನ್ನಳೆಯನ್ನು ಜೊತೆ ಮಾಡುತ್ತಾರೆ. ಬೃಹನ್ನಳೆ ಅಂದರೆ ಹೆಣ್ಣುವೇಷದ ಅರ್ಜುನ. ಕವಚ ತೊಡಲು ಕೊಟ್ಟರೆ ಅದನ್ನು ಹೇಗೆ ತೊಡಬೇಕೋ ತಿಳಿಯದವರ ಹಾಗೆ ಆಡುತ್ತಾನೆ, ಹುಡುಗಿಯರು ನಗುತ್ತಾರೆ. ಕೌರವ ಸೇನೆ ಕಂಡದ್ದೇ ಉತ್ತರ ರಥದಿಂದ ಧುಮುಕಿ ಓಡುತ್ತಾನೆ. ಬೃಹನ್ನಳೆ ಬೆನ್ನಟ್ಟಿ ಹಿಡಿದು ತರುತ್ತಾಳೆ. ಆಮೇಲೆ ಸ್ಥಾನ ಅದಲುಬದಲಾಗುತ್ತದೆ: ಉತ್ತರ ಸಾರಥಿ, ಅರ್ಜುನ ರಥಿಕ.

ಇಲ್ಲಿ ಎರಡು ಬೇರೆ ಬೇರೆ ನಗುಗಳಿವೆ. ಇದನ್ನು ಸ್ವಲ್ಪ ನಿಧಾನಕ್ಕೆ ಬಿಡಿಸಬೇಕು. ಉತ್ತರನ ಕುರಿತ ನಗು ಅಜ್ಞಾನದ ನಗು. ಗೊತ್ತಿಲ್ಲದವನು ಗೊತ್ತಿದೆ ಎಂದು ನಟಿಸಿ ಸಿಕ್ಕಿಬೀಳುತ್ತಾನೆ. ಬೃಹನ್ನಳೆಯ ಕುರಿತ ನಗು ವೇಷದ ನಗು; ಎಲ್ಲ ಗೊತ್ತಿದ್ದವನು ಏನೂ ಗೊತ್ತಿಲ್ಲ ಎಂದು ನಟಿಸುತ್ತಾನೆ. ಒಂದನ್ನೊಂದು ತಿರುಗಿಸಿ ಹಾಕಿದ ಹಾಗೆ. ಎರಡೂ ಒಂದೇ ರಥದಲ್ಲಿವೆ, ಆದರೆ ಇಬ್ಬರಲ್ಲಿ. ಉತ್ತರ ಎಂದಿಗೂ ಅರ್ಜುನನಾಗುವುದಿಲ್ಲ. ಅವನಿಗೆ ಧೈರ್ಯ ಬರುತ್ತದೆ, ಲಗಾಮು ಹಿಡಿಯುತ್ತಾನೆ, ಅಷ್ಟೇ. ಅವನು ಸಾರಥಿಯಾಗುವಲ್ಲಿಗೆ ಕಥೆ ಅವನನ್ನು ಬಿಡುತ್ತದೆ. ನಮ್ಮ ದೊಡ್ಡಾಟದಲ್ಲಿ ನಗಿಸುವವನ ಹೆಸರೂ ಸಾರಥಿ ಎಂಬುದನ್ನು ಇಲ್ಲಿ ನೆನೆಯಬೇಕು.

‘ಡ್ರಂಕನ್ ಮಾಸ್ಟರ್’ ಮಾಡುವ ಕೆಲಸ ಏನೆಂದರೆ, ಉತ್ತರನನ್ನು ಹಿಡಿದು ಅರ್ಜುನನನ್ನಾಗಿ ಮಾಡುವುದು. ಮೊದಲರ್ಧದ ವಾಂಗ್ ಶುದ್ಧ ಉತ್ತರಕುಮಾರ: ಬಡಾಯಿ, ಓಟ, ಅಪಮಾನ. ಕೊನೆಯ ಕಾಳಗದ ವಾಂಗ್ ಬೃಹನ್ನಳೆ: ತೂರಾಡುತ್ತಾನೆ, ಜೋಲಿ ಹೊಡೆಯುತ್ತಾನೆ, ಬಟ್ಟಲು ಹಿಡಿದಂತೆ ಬೆರಳು ಮಡಚುತ್ತಾನೆ, ಕೈಲಾಗದ ಕುಡುಕನಂತೆ ಕಾಣುತ್ತಾನೆ, ಆದರೆ ಪ್ರತಿ ಜೋಲಿಯ ತುದಿಯಲ್ಲಿ ಒಂದು ಹೊಡೆತ ಇದೆ. ಮೊದಲು ನಾವು ನಕ್ಕದ್ದು ಅವನಿಗೆ ಬರುವುದಿಲ್ಲ ಎಂದು. ಈಗ ನಗುವುದು ಬಂದರೂ ಬಾರದವನ ಹಾಗೆ ಆಡುತ್ತಾನೆ ಎಂದು. ನಗು ನಿಲ್ಲುವುದಿಲ್ಲ, ಅದರ ಅರ್ಥ ತಿರುಗುತ್ತದೆ. ಈ ಎರಡು ನಗುಗಳ ನಡುವೆ ಇರುವುದು ತಾಲೀಮು.

ಹೋಲಿಕೆ ಇಲ್ಲಿಗೇ ನಿಲ್ಲುವುದಿಲ್ಲ. ಸೋ ಕಲಿಸುವ ವಿದ್ಯೆಯ ಹೆಸರು ‘ಎಂಟು ಕುಡುಕ ಅಮರರು’. ಚೀನಾದ ದಾವ್ ಪರಂಪರೆಯ ಎಂಟು ಅಮರ ಪುರುಷರ ಒಂದೊಂದು ಭಂಗಿಯಿಂದ ಒಂದೊಂದು ಪಟ್ಟು. ಕುಂಟನೊಬ್ಬ, ಕೊಡ ಹೊತ್ತವನೊಬ್ಬ, ಹೀಗೆ. ಎಂಟನೆಯದು ಹೋ ಎಂಬ ಹೆಣ್ಣಿನದು. ಇದು ಹೆಂಗಸರ ನಡಿಗೆ, ನನಗ್ಯಾಕೆ ಎಂದು ಹುಡುಗ ಅದೊಂದನ್ನು ಕಲಿಯುವುದಿಲ್ಲ. ಕೊನೆಯ ಕಾಳಗದಲ್ಲಿ ಏಳು ಪಟ್ಟುಗಳು ಮುಗಿದು ಎದುರಾಳಿ ಮೇಲುಗೈ ಪಡೆದಾಗ ಬೇಕಾಗುವುದು ಅದೇ ಎಂಟನೆಯದು. ಕಲಿತಿಲ್ಲ! ನಿನ್ನದೇ ಆದದ್ದನ್ನು ಕಟ್ಟಿಕೋ ಎಂಬಂತೆ ವಸ್ತಾದ ಹೇಳುತ್ತಾನೆ. ಹುಡುಗ ಅಲ್ಲೇ, ಆಗಲೇ ಹೆಣ್ಣಿನ ಒಯ್ಯಾರವನ್ನು ತನಗೆ ತಿಳಿದ ಹಾಗೆ ಕಟ್ಟಿ, ತುಟಿ ಒತ್ತಿ, ಸೊಂಟ ಬಳುಕಿಸಿ ಗೆಲ್ಲುತ್ತಾನೆ. ಹೆಣ್ಣುವೇಷದಲ್ಲಿದ್ದ ಅರ್ಜುನ ಕೌರವ ಸೇನೆಯನ್ನು ಗೆದ್ದ ಕಥೆ ಬಲ್ಲ ನಮಗೆ ಈ ದೃಶ್ಯ ಹೊರಗಿನದು ಅನ್ನಿಸುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ: ಹೆಣ್ಣಿನ ನಡೆಯನ್ನೇ ನಗೆಯ ವಸ್ತು ಮಾಡುವ ಚಾಳಿ ಎರಡೂ ಕಡೆ ಇದೆ. ಹುಡುಗನ ತಾತ್ಸಾರಕ್ಕೆ ಚಿತ್ರ ಶಿಕ್ಷೆ ಕೊಡುತ್ತದೆ ನಿಜ, ಆದರೆ ನಗುವನ್ನೂ ಅದೇ ತಾತ್ಸಾರದಿಂದ ತೆಗೆಯುತ್ತದೆ.

5. ಬೆನ್ನಿಗೆ ಮಣ್ಣು

ನಮ್ಮ ಭಾಗದಲ್ಲಿ ಈ ಚಿತ್ರವನ್ನು ಓದಲು ಇನ್ನೊಂದು ದಾರಿ ಇದೆ, ಅದು ಕುಸ್ತಿ. ಕುಸ್ತಿಯ ನಿಯಮ ಒಂದೇ ಮಾತಿನದು: ಬೆನ್ನು ನೆಲಕ್ಕೆ ಹತ್ತಿದರೆ ಸೋತಂತೆ. ‘ಚಿತ್ ಆದ’ ಅಂದರೆ ಮುಗೀತು. ಜಾತ್ರೆಯ ಕಣದಲ್ಲಿ ಬೆನ್ನಿಗೆ ಮಣ್ಣು ಹತ್ತೇದೋ ಇಲ್ಲೋ ಎಂಬುದರ ಮೇಲೆ ಎಷ್ಟು ಜಗಳ ಆಗ್ತಾವ ಅಂಬೋದು ಕಂಡವರಿಗೆ ಗೊತ್ತು.

ಕುಡುಕನ ಕಾಳಗ ಈ ನಿಯಮವನ್ನು ತಲೆಕೆಳಗು ಮಾಡುತ್ತದೆ. ಅಲ್ಲಿ ಬೀಳುವುದು ಸೋಲಲ್ಲ, ಅದೇ ಒಂದು ಪಟ್ಟು. ಬಿದ್ದವನು ಬಿದ್ದಲ್ಲಿಂದಲೇ ಕಾಲು ಬೀಸುತ್ತಾನೆ. ಹಿಂದಕ್ಕೆ ವಾಲಿದವನು ಆ ವಾಲಿಕೆಯ ಭಾರವನ್ನೇ ಮೊಣಕೈಗೆ ಕೊಡುತ್ತಾನೆ. ಎದುರಾಳಿಗೆ ಮುಂದಿನ ಚಲನೆ ಎತ್ತ ಎಂದು ಅಂದಾಜು ಸಿಗುವುದಿಲ್ಲ. ನಗೆನಟನ ಮೂಲ ಬಂಡವಾಳ ಯಾವುದು? ಬೀಳುವುದು. ಪೈಲ್ವಾನನ ದೊಡ್ಡ ಭಯ ಯಾವುದು? ಅದೂ ಬೀಳುವುದು. ಈ ಎರಡೂ ಸೇರುವ ಜಾಗದಲ್ಲಿ ಯುಎನ್ ವೂ-ಪಿಂಗ್ ತನ್ನ ಚಿತ್ರವನ್ನು ನಿಲ್ಲಿಸಿದ್ದಾನೆ.

ಇದನ್ನು ತೋರಿಸುವ ಕ್ರಮವೂ ಗಮನಿಸುವಂಥದ್ದು. ಕ್ಯಾಮೆರಾ ಸಾಕಷ್ಟು ದೂರ ನಿಂತು ತಲೆಯಿಂದ ಕಾಲಿನವರೆಗೆ ಇಡೀ ದೇಹವನ್ನು ಹಿಡಿಯುತ್ತದೆ. ಒಂದೇ ಓಟದಲ್ಲಿ ಹಲವು ಹೊಡೆತ, ತಪ್ಪಿಸಿಕೊಳ್ಳುವಿಕೆ, ಬೀಳುವಿಕೆ ನಡೆಯುತ್ತವೆ. ತುಂಡುತುಂಡಾಗಿ ಕತ್ತರಿಸಿದರೆ ನಗು ಸಾಯುತ್ತದೆ, ಏಕೆಂದರೆ ಬೀಳುವುದಕ್ಕೂ ಹೊಡೆಯುವುದಕ್ಕೂ ನಡುವಿನ ಲಯ ಕಾಣದೆ ಹೋಗುತ್ತದೆ. ಕುಸ್ತಿ ಕಣದ ಸುತ್ತ ಕೂತು ನೋಡುವವರ ದೃಷ್ಟಿ ಇದು.

6. ಯಾರ ಭಾಷೆಯಲ್ಲಿ ನಗು?

ಕೊನೆಯ ಅಂಶ ಭಾಷೆಯದು. ಹಾಂಗ್‌ಕಾಂಗಿನ ಬಹುಪಾಲು ಮಂದಿಯ ಮನೆಮಾತು ಕ್ಯಾಂಟನೀಸ್. ಆದರೂ 1970ರ ದಶಕದ ಆರಂಭದಲ್ಲಿ ಅಲ್ಲಿನ ಚಿತ್ರರಂಗದಲ್ಲಿ ಮ್ಯಾಂಡರಿನ್ ಚಿತ್ರಗಳದೇ ಯಜಮಾನಿಕೆ. ಕ್ಯಾಂಟನೀಸ್ ಚಿತ್ರಗಳು ಬಹುತೇಕ ನಿಂತೇ ಹೋಗಿದ್ದವು. ಮನೆಮಾತು ತೆರೆಗೆ ಮರಳಿದ್ದು ನಗುವಿನ ಮೂಲಕ. 1973ರ ‘ದ ಹೌಸ್ ಆಫ್ 72 ಟೆನೆಂಟ್ಸ್’ ಒಂದೇ ವಠಾರದ ಬಡ ಬಾಡಿಗೆದಾರರ ಹಾಸ್ಯ. ಅದರ ಮರುವರ್ಷ ಮೈಕೆಲ್ ಹುಯಿ ತನ್ನ ಹಾಸ್ಯಚಿತ್ರಗಳನ್ನು ಶುರು ಮಾಡಿದ. ಅದೇ 1973ರ ಜುಲೈನಲ್ಲಿ ಬ್ರೂಸ್ ಲೀ ತೀರಿಕೊಂಡಿದ್ದ. ಅವನ ಜಾಗ ತುಂಬಲು ನಿರ್ಮಾಪಕರು ಹೊಸ ಮುಖಗಳನ್ನು ಹುಡುಕುತ್ತಿದ್ದರು. ಜಾಕಿ ಚಾನ್‌ನನ್ನೂ 1976ರಲ್ಲಿ ಹಾಗೆ ಗಂಭೀರ ವೀರನಾಗಿ ನಿಲ್ಲಿಸಿ ನೋಡಿದರು, ಫಲಿಸಲಿಲ್ಲ. 1978ರಲ್ಲಿ ಮೊದಲು ‘ಸ್ನೇಕ್ ಇನ್ ದ ಈಗಲ್ಸ್ ಶ್ಯಾಡೋ’, ಆಮೇಲೆ ‘ಡ್ರಂಕನ್ ಮಾಸ್ಟರ್’ ಬಂದಾಗ ಕಾಳಗದ ಚಿತ್ರಕ್ಕೂ ಮನೆಮಾತಿನ ನಗುವಿಗೂ ಗಂಟು ಬಿತ್ತು.

ದೊಡ್ಡಾಟದ ಸಾರಥಿ ಓಣಿಯ ಮಾತಲ್ಲಿ ನಗಿಸುತ್ತಾನೆ ಎಂದೆನಲ್ಲ, ಅದೂ ಇದೇ ತತ್ವ. ಗಾಂಭೀರ್ಯ ಎರವಲು ಭಾಷೆಯಲ್ಲೂ ನಡೆದೀತು, ನಗು ಮನೆಮಾತನ್ನೇ ಕೇಳುತ್ತದೆ. ಮೈಂದರ್ಗಿಯಂಥ ಊರಲ್ಲಿ ಇದು ದಿನದ ಅನುಭವ. ಮನ್ಯಾಗ ಕನ್ನಡ, ಕಚೇರಿ ಕಾಗದದಾಗ ಮರಾಠಿ, ಪರದೆ ಮ್ಯಾಲ ಹಿಂದಿ.

ಹಾಂಗ್‌ಕಾಂಗ್ ಚಿತ್ರಗಳು ನಮ್ಮ ಕಡೆ ಬಂದದ್ದೂ ಆ ಮೂರನೆಯ ಭಾಷೆಯಲ್ಲಿ. ಕನ್ನಡ ಚಿತ್ರರಂಗದಲ್ಲಿ 1960ರ ದಶಕದ ಚಳವಳಿಯ ನಂತರ ಡಬ್ಬಿಂಗ್‌ಗೆ ಅವಕಾಶವೇ ಇರಲಿಲ್ಲ. ಸ್ಪರ್ಧಾ ಆಯೋಗದ ತೀರ್ಪು ಬಂದದ್ದು 2015ರಲ್ಲಿ. ಆ ಚಳವಳಿಗೆ ಅದರದೇ ಗಟ್ಟಿ ಕಾರಣಗಳಿದ್ದವು, ಇಲ್ಲಿ ಅದರ ವಿಚಾರಣೆ ಮಾಡುವುದಿಲ್ಲ. ಪರಿಣಾಮ ಮಾತ್ರ ಸ್ಪಷ್ಟ: ಭಿಕ್ಷುಕ ಸೋ ಕನ್ನಡ ಮಾತಾಡಿದ್ದನ್ನು ನಾವು ಕೇಳಲಿಲ್ಲ. ಡಬ್ಬಿಂಗಿನಲ್ಲಿ ಮಾತಿನ ನಗು ಸೋರಿಹೋಯಿತು, ದೇಹದ ನಗು ಉಳಿಯಿತು. ನೆರೆಯ ಆಂಧ್ರದ ಸಣ್ಣ ಊರುಗಳ ಚಿತ್ರಮಂದಿರಗಳಲ್ಲಿ ಹಾಂಗ್‌ಕಾಂಗ್ ಚಿತ್ರಗಳು ಹೇಗೆ ಓಡಿದವು ಎಂಬುದನ್ನು ಎಸ್.ವಿ. ಶ್ರೀನಿವಾಸ್ ಅವರು ಗಂಭೀರವಾಗಿ ಅಧ್ಯಯನ ಮಾಡಿದ್ದಾರೆ. ನಮ್ಮ ಗಡಿಭಾಗದ ಕುರಿತು ಅಂಥ ಕೆಲಸ ಆಗಬೇಕು. ಇಲ್ಲಿ ಸೇರಿದ ವಿದ್ಯಾರ್ಥಿಗಳಲ್ಲಿ ಯಾರಾದರೂ ಕೈಹಾಕಿದರೆ ಹಳೇ ಟಾಕೀಸಿನ ಆಪರೇಟರುಗಳು, ಜಾತ್ರೆಯ ತಂಬು ಟಾಕೀಸು ನಡೆಸಿದವರು ಇರುವಾಗಲೇ ಅವರನ್ನು ಮಾತಾಡಿಸಬೇಕು.

ಇಷ್ಟು ಹೇಳಿ ಮೊದಲಿನ ವಾದಕ್ಕೆ ಮರಳುತ್ತೇನೆ. ನಾಯಕ ಬೀಳಬಾರದು ಎಂಬುದು ನಮ್ಮ ತೆರೆಯ ಅಲಿಖಿತ ನಿಯಮ. ಬೀಳುವ ಕೆಲಸಕ್ಕೆ ಬೇರೆ ನಟನನ್ನು ಇಟ್ಟುಕೊಂಡಿದ್ದೇವೆ. ಇದರಿಂದ ಹಾಸ್ಯನಟನಿಗೆ ಅನ್ಯಾಯವಾಗಿದೆ ಎಂಬುದು ಒಂದು ಮಾತು; ನಾಯಕನಿಗೇ ಹೆಚ್ಚು ನಷ್ಟವಾಗಿದೆ ಎಂಬುದು ನನ್ನ ಮಾತು. ಅವನು ಕಲಿಯುವುದನ್ನು ನಾವು ನೋಡಲೇ ಇಲ್ಲ. ಉತ್ತರನನ್ನು ಗಾದೆಯಲ್ಲಿ ಕೂಡಿಹಾಕಿ ಆರು ನೂರು ವರ್ಷದಿಂದ ನಗುತ್ತಾ ಬಂದೀವಿ. ಅವನನ್ನು ಯಾರಾದರೂ ಒಂದು ತಾಲೀಮಿಗೆ ಕಳಿಸಿದ್ದರೆ ಏನಾಗುತ್ತಿತ್ತು ಎಂದು ಕೇಳುವ ಕಥೆ ಕನ್ನಡದಲ್ಲಿ ಬರಬೇಕು.

ಸಂವಾದ

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ): ಸರ್, ನಮ್ಮ ನಾಯಕ ನಗೆಗೀಡಾಗೂದಿಲ್ಲ ಅಂದ್ರಿ. ಹಂಗಾದ್ರ ಡಾ. ರಾಜಕುಮಾರ ಅವರ ‘ಕವಿರತ್ನ ಕಾಳಿದಾಸ’ಕ್ಕ ಏನ್ ಹೇಳ್ತೀರಿ? ಅಲ್ಲಿ ಅವರು ಪೂರಾ ದಡ್ಡ ಕುರುಬನ ಪಾತ್ರ ಮಾಡ್ಯಾರಲ್ರಿ.

ಉತ್ತರ: ಬಹಳ ಒಳ್ಳೇ ಪ್ರಶ್ನೆ ಕೇಳಿದ್ರಿ. 1983ರ ಆ ಚಿತ್ರ ನನ್ನ ವಾದಕ್ಕೆ ನಿಜವಾದ ಸವಾಲು. ಅಷ್ಟು ದೊಡ್ಡ ನಾಯಕ ಅಷ್ಟು ಸಂತೋಷದಿಂದ ದಡ್ಡನಾದದ್ದು ಅಪರೂಪ. ಆದರೆ ಆ ದಡ್ಡ ಕವಿಯಾಗುವುದು ಹೇಗೆ? ಕಾಳಿಯ ವರದಿಂದ, ಒಂದೇ ಗಳಿಗೆಯಲ್ಲಿ. ವರ ಬಂದ ಕೂಡಲೇ ಆ ನಗುವೂ ಮುಗಿಯುತ್ತದೆ. ಹಾಂಗ್‌ಕಾಂಗ್ ಚಿತ್ರದಲ್ಲಿ ವರ ಇಲ್ಲ, ತಲೆಕೆಳಗಾಗಿ ನೇತಾಡೂದು ಅದ. ವರಕ್ಕೂ ತಾಲೀಮಿಗೂ ಇರುವ ಅಂತರವೇ ನಾನು ಹೇಳಬೇಕೆಂದದ್ದು. ನಿಮ್ಮ ಉದಾಹರಣೆ ಆ ಅಂತರವನ್ನು ಇನ್ನೂ ಚೊಲೋ ತೋರಸ್ತದ.

ಪ್ರಶ್ನೆ (ಸ್ನಾತಕೋತ್ತರ ವಿದ್ಯಾರ್ಥಿ): ವಾಂಗ್ ಫೆ-ಹುಂಗ್ ಪೂಜ್ಯ ವ್ಯಕ್ತಿ ಅಂದ್ರಿ. ಅದು ಗೊತ್ತಿಲ್ಲದ ನಮ್ಮಂಥವರಿಗೆ ಚಿತ್ರದ ಅರ್ಧ ನಗು ತಪ್ಪಿಹೋಗ್ತದಲ್ರಿ?

ಉತ್ತರ: ಹೌದು, ತಪ್ಪಿಹೋಗ್ತದ. ಸಂಗೊಳ್ಳಿ ರಾಯಣ್ಣ ಹುಡುಗನಿದ್ದಾಗ ತಾಲೀಮು ತಪ್ಪಿಸಿ ಮಾವಿನಕಾಯಿ ಕದಿಯುತ್ತಿದ್ದ ಎಂದು ಯಾರಾದರೂ ಸಿನಿಮಾ ತೆಗೆದರೆ ನಾವು ಹೆಂಗ ನೋಡ್ತೀವಿ ಅಂತ ಊಹಿಸ್ರಿ. ಮೊದಲು ಒಂದು ನಿಮಿಷ ಸಿಟ್ಟು, ಆಮ್ಯಾಲ ನಗು, ಕೊನೀಗೆ ‘ನಮ್ಮವನs ಆದ’ ಎನ್ನುವ ಪ್ರೀತಿ. ಹಾಂಗ್‌ಕಾಂಗಿನ ನೋಡುಗ ಮೂವತ್ತು ವರ್ಷದ ಗಂಭೀರ ಚಿತ್ರಗಳನ್ನು ನೆನಪಿನಲ್ಲಿಟ್ಟುಕೊಂಡು ನಗ್ತಾನ. ನಾವು ಬರೇ ಹುಡುಗನನ್ನು ನೋಡಿ ನಗ್ತೀವಿ. ಎರಡನೇ ನಗುವೂ ಸುಳ್ಳಲ್ಲ, ಆದರೆ ತೆಳ್ಳಗ ಅದ.

ಪ್ರಶ್ನೆ (ಅಧ್ಯಾಪಕರು): ಕುಡಿತವನ್ನು ಹೊಗಳುವ ಚಿತ್ರ ಎಂಬ ಆಕ್ಷೇಪಕ್ಕೆ ಏನು ಹೇಳುತ್ತೀರಿ? ಹೆಂಡದಿಂದ ಮನೆಗಳು ಹಾಳಾಗುವುದನ್ನು ನಾವು ದಿನಾ ನೋಡುತ್ತೇವೆ.

ಉತ್ತರ: ಆಕ್ಷೇಪ ನ್ಯಾಯವಾದದ್ದು, ಸರ್. ನಟನ ಮಟ್ಟಿಗೆ ಕುಡಿತ ಒಂದು ವೇಷ. ಕುಡುಕನ ಚಲನೆಯನ್ನು ಅಣಕು ಮಾಡಲು ಸಂಪೂರ್ಣ ಎಚ್ಚರದ ದೇಹ ಬೇಕು. ನಿಜವಾಗಿ ಕುಡಿದವನು ಆ ಒಂದು ಪಟ್ಟನ್ನೂ ಹಾಕಲಾರ. ಆದರೆ 1978ರ ಚಿತ್ರ ಈ ಮಾತನ್ನು ಎಲ್ಲಿಯೂ ಬಿಡಿಸಿ ಹೇಳೂದಿಲ್ಲ, ಅದು ಅದರ ಮಿತಿ. 1994ರಲ್ಲಿ ಜಾಕಿ ಚಾನ್ ಅದೇ ಪಾತ್ರವನ್ನು ಮತ್ತೆ ಮಾಡಿದಾಗ ತಂದೆ ಮಗನ ಕುಡಿತವನ್ನು ಖಂಡಾತುಂಡ ವಿರೋಧಿಸುತ್ತಾನೆ. ಕುಡಿತ ವಿದ್ಯೆಯೋ ವ್ಯಸನವೋ ಎಂಬುದೇ ಆ ಕಥೆಯ ಜಗಳವಾಗುತ್ತದೆ.

ಪ್ರಶ್ನೆ (ಮೈಂದರ್ಗಿಯಿಂದ ಸೇರಿಕೊಂಡ ಒಬ್ಬರು): ನಮ್ಮ ತಾಲೀಮಿನ್ಯಾಗ ನಗು ಇಲ್ಲ ಅಂತೀರೇನ್ರಿ? ಅಡ್ಡಹೆಸರು ಇಡೂದು, ಚೇಷ್ಟಿ ಮಾಡೂದು ನೋಡಿದ್ರ ಹೊಟ್ಟಿ ಹುಣ್ಣಾಗ್ತದ.

ಉತ್ತರ: ಇಲ್ಲ ಅನ್ನೂದಿಲ್ರಿ ಅಣ್ಣಾರ. ತಾಲೀಮಿನ ಒಳಗ ಬೇಕಾದಷ್ಟು ನಗು ಅದ. ಹೊಸ ಹುಡುಗ ಮೊದಲ ದಿನ ಮಣ್ಣಿಗೆ ಬಿದ್ದಾಗ ಎಲ್ಲಾರೂ ನಗ್ತಾರ, ವಸ್ತಾದನೂ ನಗ್ತಾನ, ಹಂಗ ನಕ್ಕs ಕಲಸ್ತಾನ. ಆದ್ರ ಆ ನಗು ತಾಲೀಮಿನ ಬಾಗಲಾ ದಾಟಿ ಜಾತ್ರಿ ಕಣಕ್ಕ ಬರೂದಿಲ್ಲ. ಅಲ್ಲಿ ಪೈಲ್ವಾನ ಮೀಸಿ ತಿರುವಿಕೊಂಡs ಬರ್ತಾನ. ಈ ಹಾಂಗ್‌ಕಾಂಗ್ ಮಂದಿ ಮಾಡಿದ್ದಿಷ್ಟ: ತಾಲೀಮಿನ ಬಾಗಲಾ ತೆರದು ಒಳಗಿನ ನಗು ಹೊರಗ ತೋರಿಸಿದ್ರು.